ಆಕಾಶದ ಮೇಲೆ ಹೊರಿಸಿದ ತಪ್ಪು

"ಸೂರ್ಯ ಪಡುವಣದಾಗ ಹುಟ್ಟಿದ್ರೂ ಹುಟ್ಟಬಹುದು, ನಮ್ಮ ಮನ್ಯಾಗ ಎಂ.ಎ. ಹುಟ್ಟಾಂಗಿಲ್ಲ ಬಿಡು." ಹೀಗೆ ಹೇಳಿದವನು ನಮ್ಮ ಫಕ್ಕೀರಪ್ಪ ಕಾಕಾ. ನಾನು ಎಂ.ಎ.ಗೆ ಅರ್ಜಿ ತುಂಬಿ ಬಂದ ದಿನ, ಕಳಸಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ವೀಳ್ಯದೆಲೆಯ ನಾರು ತೆಗೆಯುತ್ತ, ನನ್ನ ಮುಖ ಕೂಡ ನೋಡದೆ ಹೇಳಿದ. ಸಿಟ್ಟಿನ ಮಾತಲ್ಲ. ಇವತ್ತು ಮಳೆ ಬರುವುದಿಲ್ಲ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. ಬಿ.ಎ.ಗೆ ಸೇರುವಾಗಲೂ ಇದೇ ಮಾತು ಅಂದಿದ್ದ, ಎಂ.ಎ. ಅನ್ನುವಲ್ಲಿ ಬಿ.ಎ. ಅಂದಿದ್ದ, ಅಷ್ಟೇ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೆಯ ತರಗತಿ ದಾಟಿದವರಿಲ್ಲ. ಅಪ್ಪ ನಾನು ಆರನೆಯ ತರಗತಿಯಲ್ಲಿದ್ದಾಗ ತೀರಿಕೊಂಡ. ಅಲ್ಲಿಂದ ಮುಂದೆ ಎರೆಹೊಲದ ಬಿತ್ತನೆಯಿಂದ ಹಿಡಿದು ನನ್ನ ಶಾಲೆಯ ಚೀಲದವರೆಗೆ ಎಲ್ಲದಕ್ಕೂ ಹೂಂ ಅನ್ನಬೇಕಾದವನು ಕಾಕಾ. ಅವ್ವ ಹೆಚ್ಚು ಮಾತಿನವಳಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಅವ್ವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದಳು.

ಎಂ.ಎ.ಯ ಎರಡನೆಯ ವರ್ಷದ ಬಗ್ಗೆ ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಮೊನ್ನೆ ಮುಂಡರಗಿಯಲ್ಲಿ ನಾನು ಕಲಿಸುವ ಶಾಲೆಯ ಎದುರಿನ ಗೋಡೆಗೆ ಇಬ್ಬರು ಪೋಸ್ಟರ್ ಹಚ್ಚುತ್ತಿದ್ದರು. ಪೋಸ್ಟರಿನಲ್ಲಿ ಇದ್ದದ್ದು ಯಾವುದೋ ಬೀಜದ ಕಂಪನಿಯ ಮೆಣಸಿನಕಾಯಿ. ಆದರೆ ಗಾಳಿಯಲ್ಲಿ ಬಂದದ್ದು ಒದ್ದೆ ಕಾಗದದ ವಾಸನೆ. ಒದ್ದೆ ಕಾಗದ, ಅದರ ಹಿಂದೆ ನೀರು ಕುಡಿದ ಕಲ್ಲು. ಆ ವಾಸನೆಗೆ ನನ್ನ ಕೈಬೆರಳುಗಳು ತಾವೇ ಮಡಚಿಕೊಂಡವು, ಬ್ರಷ್ ಹಿಡಿದ ಹಾಗೆ. ಪೋಸ್ಟರಿನ ಅಂಚು ಗಾಳಿಗೆ ಎದ್ದಾಗ, "ಅಣ್ಣಾ, ನಡುವಿನಿಂದ ತಟ್ರಿ, ಅಂಚಿನಿಂದ ತಟ್ಟಬ್ಯಾಡ್ರಿ" ಎಂದು ಹೇಳಿಬಿಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ನನಗೆ ಅದನ್ನು ಕಲಿಸಿದವರು ಹೊಂಬಳ ಸರ್. ಎಂ.ಎ.ಯಲ್ಲಿ ನಮಗೆ ಶಾಸನ ಓದುವುದನ್ನು ಕಲಿಸುತ್ತಿದ್ದರು. ಮೊದಲ ತಿಂಗಳಲ್ಲೇ ಒಂದು ದಿನ ಅವರು ಕಲ್ಲಿನ ಪಡಿಯಚ್ಚೊಂದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಇಳಿಸಿ, ಅರ್ಧ ಒಣಗಿದ ಮೇಲೆ ಮಸಿ ಒತ್ತಿದರೆ, ಕಪ್ಪು ಹಾಳೆಯಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅದೇ ಪಡಿಯಚ್ಚು. ನನ್ನ ಕೈಗೆ ಬಂದಾಗ ನಾನು ಮೊದಲ ಸಾಲಿನಲ್ಲಿ ಬೆರಳಿಟ್ಟು "ಶಕವರ್ಷ" ಎಂದೆ.

"ಯಾರ ಕಲಿಸಿದ್ರು ನಿನಗ?"

"ಯಾರೂ ಇಲ್ರಿ ಸರ್. ನಮ್ಮ ಎಮ್ಮಿ ಮೈ ತಿಕ್ಕೋ ಕಲ್ಲಿನ ಮ್ಯಾಲ ಹಿಂಗ ಐತ್ರಿ. ಊರಾಗ ಒಬ್ರು ಅದೊಂದು ಪದ ಓದಿ ತೋರಿಸಿದ್ರು."

ತರಗತಿ ಗೊಳ್ಳೆಂದಿತು. ಸರ್ ಮಾತ್ರ ನಗಲಿಲ್ಲ. "ನಗಬ್ಯಾಡ್ರಿ. ನಿಮ್ಮಷ್ಟೂ ಮಂದಿಗಿಂತ ಆ ಎಮ್ಮಿ ಶಾಸನಕ್ಕ ಹತ್ರ ಐತಿ" ಎಂದರು. ಅಂದಿನಿಂದ ನಾನು ಅವರ ಮಾತಿಗೆ ಬಿದ್ದೆ. ಇಪ್ಪತ್ತು ವರ್ಷ ಬದುಕಿದ ಮೇಲೆ, ನಮ್ಮ ಎಮ್ಮೆಯನ್ನೂ ಸೇರಿಸಿ ನನ್ನ ಬದುಕಿಗೆ ಮರ್ಯಾದೆ ಕೊಟ್ಟ ಮೊದಲ ಓದಿದ ಮನುಷ್ಯ ಅವರು.

ಎರಡನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಸರ್ ನನಗೆ ಕೊಟ್ಟ ವಿಷಯ: ನಮ್ಮ ಸೀಮೆಯ ಶಾಸನಗಳಲ್ಲಿ ಬರುವ ಗ್ರಹಣಗಳು. ಹಳೆಯ ಕಾಲದಲ್ಲಿ ಗ್ರಹಣದ ದಿನ ದಾನ ಮಾಡಿದರೆ ಪುಣ್ಯ ಹೆಚ್ಚೆಂದು ಹೊಲ, ತೋಟ, ಗಾಣದ ಎಣ್ಣೆ ದಾನ ಕೊಟ್ಟು ಕಲ್ಲಿನಲ್ಲಿ ಬರೆಸುತ್ತಿದ್ದರು. ಶಕವರ್ಷದ ಅಂಕಿ, ಸಂವತ್ಸರದ ಹೆಸರು, ತಿಂಗಳು, ತಿಥಿ, ವಾರ, ಕೊನೆಗೆ ಸೂರ್ಯಗ್ರಹಣವೋ ಚಂದ್ರಗ್ರಹಣವೋ. ಇವನ್ನೆಲ್ಲ ಪಟ್ಟಿ ಮಾಡಿ, ಆ ದಿನ ಖರೆಯೇ ಗ್ರಹಣ ಆಗಿತ್ತೋ ಎಂದು ಲೆಕ್ಕ ಹಾಕಿ ನೋಡುವುದು ನನ್ನ ಕೆಲಸ. ಹಳೆಯ ಗ್ರಹಣಗಳ ಪಟ್ಟಿ ಈಗ ಫೋನಿನಲ್ಲೇ ಸಿಗುತ್ತದೆ.

ಸರ್ ಜೊತೆ ಕಲ್ಲು ಹುಡುಕುತ್ತ ಹೊರಟ ಆ ಆಷಾಢದಲ್ಲಿ ಗಾಳಿಯೋ ಗಾಳಿ. ಲಕ್ಷ್ಮೇಶ್ವರದಲ್ಲಿ ಹಾಸಿದ ಕಾಗದ ಮೂರು ಸಲ ಹಾರಿಹೋಯಿತು. ಶಿರಹಟ್ಟಿಯ ದಾರಿಯ ಒಂದು ಹಳ್ಳಿಯಲ್ಲಿ ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡಿದ್ದರು. "ಒಗದು ಮುಗಿಸ್ತೀನಿ ತಡಿಯವ್ವಾ, ಸಾವಿರ ವರ್ಷ ಕಾಯ್ದದ್ದು ಇನ್ನೊಂದು ತಾಸು ಕಾಯೂದಿಲ್ಲೇನು?" ಎಂದಳು ಒಬ್ಬ ಹೆಣ್ಣುಮಗಳು. ಕಾಯ್ದೆವು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಗುಂಡುಕಲ್ಲಾಗುತ್ತಿತ್ತು. ಸಿಂಗಟಾಲೂರಿನಲ್ಲಿ ಹೊಳೆ ತುಂಬಿ ಕೆಂಪಗಿತ್ತು. ಸರ್‌ಗೆ ಐವತ್ತೆಂಟು, ಮೊಣಕಾಲು ನೋವು. ಆದರೂ ಕಲ್ಲಿನ ಮುಂದೆ ಕೂತರೆ ಎದ್ದೇಳುತ್ತಿರಲಿಲ್ಲ. ಸವೆದ ಅಕ್ಷರದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ಓದುತ್ತಿದ್ದರು. ಅದು ಸುಳ್ಳಲ್ಲ. ಆ ವಿದ್ಯೆ ಅವರಲ್ಲಿ ಖರೆಯೇ ಇತ್ತು, ಇವತ್ತಿಗೂ ಅದನ್ನು ಇಲ್ಲವೆನ್ನಲಾರೆ.

ಚಳಿಗಾಲದ ಆರಂಭಕ್ಕೆ ಪಟ್ಟಿ ನಲವತ್ತರ ಹತ್ತಿರ ಬಂದಿತ್ತು. ಹೆಚ್ಚಿನವು ಹೊಂದಿದವು: ಕಲ್ಲು ಹೇಳಿದ ದಿನವೇ ಗ್ರಹಣ. ಹದಿಮೂರು ಹೊಂದಲಿಲ್ಲ. ಕಲ್ಲಿನಲ್ಲಿ ಸೂರ್ಯಗ್ರಹಣ ಅಂತಿದೆ, ಲೆಕ್ಕದಲ್ಲಿ ಆ ವರ್ಷ ಆ ತಿಂಗಳು ಗ್ರಹಣವೇ ಇಲ್ಲ; ವಾರವೂ ಬೇರೆ. ನಾನು ಹೆದರುತ್ತ ತೋರಿಸಿದೆ. ಸರ್ ಮುಖ ಅರಳಿತು.

ಯಾಕೆ ಅರಳಿತೆಂದು ಅವರು ನನಗೆ ಬಿಡಿಸಿ ಹೇಳಿದ್ದು ಮಾಗಡಿ ಕೆರೆಯ ದಂಡೆಯ ಮೇಲೆ. ಶಿರಹಟ್ಟಿಯಿಂದ ಬರುವಾಗ ಹಕ್ಕಿ ನೋಡೋಣ ಎಂದು ಇಳಿಸಿದ್ದರು. ದೂರದೇಶದ ಬಾತುಗಳು ಕೆರೆ ತುಂಬ ಕೂತಿದ್ದವು. ಕಡಲೆ ಹೊಲದವರು ಅವುಗಳಿಗೆ ಹಿಡಿಶಾಪ ಹಾಕುತ್ತಿದ್ದರು.

"ನೀಲಾ, ಕಲ್ಲು ಬರದಾವ ಸುಳ್ಳು ಯಾಕ ಬರೀತಾನ? ರಾಜನ ಎದುರಿಗೆ, ಊರ ಎದುರಿಗೆ ಬರದದ್ದು. ಗ್ರಹಣ ಆಗೇತಿ, ಅವ ಕಂಡಾನ. ಇವತ್ತಿನ ಲೆಕ್ಕಕ್ಕ ಅದು ಸಿಗವಲ್ದು ಅಂದ್ರ ತಪ್ಪು ಅವಂದಲ್ಲ. ಆಕಾಶನ ಬ್ಯಾರೆ ಇತ್ತು." ಆಮೇಲೆ ಶುಕ್ರ ಗ್ರಹದ ಮಾತು ಬಂತು. ಬಹಳ ಹಿಂದೆ ಒಂದು ಗ್ರಹ ಭೂಮಿಯ ಹತ್ತಿರ ಹಾಯ್ದುಹೋಯಿತು, ಭೂಮಿ ಬುಗರಿಯ ಹಾಗೆ ಒಲೆದಾಡಿತು, ದಿನಗಳು ಆಚೀಚೆಯಾದವು. ಪ್ರಳಯದ ಕಥೆಗಳೆಲ್ಲ ಅದರದೇ ನೆನಪು. ಆ ಒಲೆದಾಟದ ಕಡೆಯ ಕಂಪನ ನಮ್ಮ ಕಲ್ಲುಗಳ ಕಾಲಕ್ಕೂ ನಿಂತಿರಲಿಲ್ಲ. ಬಾಬಿಲೋನಿನ ಮಣ್ಣಿನ ಹಲಗೆ, ಚೀನದವರ ದಾಖಲೆ, ನಮ್ಮ ಪುರಾಣ, ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದರು. "ಇದಕ್ಕ ಕಲ್ಲಿನ ಪುರಾವೆ ಕೊಡಾಕಿ ಯಾರು ಗೊತ್ತೈತೇನು? ಕಳಸಾಪುರದ ನೀಲವ್ವ."

ನಾನು ನಂಬಿದೆ. ಯಾಕೆ ನಂಬಬಾರದು? ನನ್ನನ್ನು ನಂಬಿದವರು ಅವರೊಬ್ಬರೇ.

ಮನೆಗೆ ಬಂದು ಉಣ್ಣುವಾಗ ಎಲ್ಲ ಒದರಿದೆ. ಆಯಿ "ಶಿವಶಿವಾ" ಎಂದಳು. ಕಾಕಾ ರೊಟ್ಟಿ ಮುರಿಯುತ್ತಲೇ ಕೇಳಿದ. "ಆ ಕಲ್ಲಿನಾಗ ಹೊಲದ ನಾಕೂ ಕಡಿ ಚಕ್ಕಬಂದಿ ಬರದಿರ್ತಾರೋ ಇಲ್ಲೋ?"

"ಬರದಿರ್ತಾರ."

"ಮೂಡಲಕ್ಕ ಏನೈತಿ ಅಂತ ಬರದಾರ?"

"ಒಂದರಾಗ ಹಳ್ಳ ಅಂತ ಬರದಾರ."

"ಈಗ ಹಳ್ಳ ಎಲ್ಲೈತಿ?"

"ಮೂಡಲಕ್ಕ ಐತಿ."

"ಅಲ್ಲಲೇ, ಭೂಮಿ ಒಲದಾಡಿತು, ಹಳ್ಳ ಮಾತ್ರ ಕುಂತಲ್ಲೆ ಕುಂತಿತ್ತೇನು? ನಮ್ಮ ಭೂಮಾಪನದವರು ಸರಪಳಿ ಒಗದ್ರ ನಾಕು ಗುಂಟೆ ಅಲಗತೈತಿ, ನಿಮ್ಮ ಶುಕ್ರ ಬಂದು ಹೋದ್ರ ಬದು ಸೈತ ಸರಿಲಿಲ್ಲ."

ಆಯಿ ನಕ್ಕಳು, ಅವ್ವನೂ ಸೆರಗು ಅಡ್ಡ ಹಿಡಿದಳು. ನನಗೆ ಮೈಯೆಲ್ಲ ಉರಿಯಿತು. "ನಿನಗ ತಿಳಿಯೂದಿಲ್ಲ ಕಾಕಾ. ಸರ್‌ಗೆ ತಿಳೀತೈತಿ" ಎಂದು ಎದ್ದುಹೋದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ವರ್ಷ ಯಾರಾದರೂ ಎತ್ತಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಸಂಕ್ರಾಂತಿಯ ಮುಂಚೆ ಒಂದು ಮುಂಜಾನೆ ಅಂಗನವಾಡಿಯ ಅಕ್ಕೋರು ಮನೆಮನೆ ಪಟ್ಟಿ ಬರೆದುಕೊಳ್ಳಲು ಬಂದರು. ನನ್ನ ವಯಸ್ಸು ಕೇಳಿದರು. ಆಯಿ "ಇಪ್ಪತ್ತೆರಡು" ಎಂದಳು, ಕಾಕಾ "ಇಪ್ಪತ್ತೊಂದು" ಎಂದ.

"ಇಪ್ಪತ್ತೆರಡರಾಗ ಬಿದ್ದು ಐದು ತಿಂಗಳಾತು. ನಾ ಹಡಿಸಿದಾಕಿ, ನನಗ ಹೇಳ್ತಿಯೇನು?"

"ಬಿದ್ದದ್ದು ಬ್ಯಾರೆ, ತುಂಬಿದ್ದು ಬ್ಯಾರೆ ಬೇ. ತುಂಬಿದ್ದು ಇಪ್ಪತ್ತೊಂದು. ಹೆಣ್ಣ ನೋಡಾಕ ಬಂದಾವರ ಮುಂದ ಹಿಂಗ ಒಂದು ವರ್ಷ ಹೆಚ್ಚಿಗಿ ಹೇಳಿಬಿಟ್ಟಿ!"

"ನಡಿಯೂದನ್ನ ಹೇಳೂದು ನಮ್ಮ ಕಡಿ ಪದ್ಧತಿ. ಸತ್ತಾವರಿಗಷ್ಟ ತುಂಬಿದ್ದು ಹೇಳ್ತಾರ."

ಅಕ್ಕೋರು ಬೇಸತ್ತು, "ಇಬ್ಬರ್ದೂ ಖರೆ ಅದ, ನಾ ಯಾವುದು ಬರಕೊಳ್ಳಲಿ ಹೇಳ್ರಿ" ಎಂದರು.

ನಾನು ಕಸಬರಿಗೆ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಇಬ್ಬರದೂ ಖರೆ. ಕಲ್ಲಿನಲ್ಲಿ ಬರೆದ ಶಕವರ್ಷದ ಅಂಕಿ ತುಂಬಿದ್ದೋ, ನಡೆಯುತ್ತಿದ್ದದ್ದೋ? ನಾನು ಎಲ್ಲವನ್ನೂ ತುಂಬಿದ್ದೆಂದೇ ಹಿಡಿದು ಲೆಕ್ಕ ಹಾಕಿದ್ದೆ. ಬರೆದವನು ಆಯಿಯಂತೆ ನಡೆಯುವ ವರ್ಷ ಹೇಳಿದ್ದರೆ ನಾನು ಒಂದು ವರ್ಷ ಮುಂದಿನ ಆಕಾಶದಲ್ಲಿ ಗ್ರಹಣ ಹುಡುಕುತ್ತಿದ್ದೆ! ಕಸಬರಿಗೆ ಅಲ್ಲೇ ಬಿಟ್ಟು ವಹಿ ತೆಗೆದೆ. ಹೊಂದದ ಹದಿಮೂರರಲ್ಲಿ ಒಂದೊಂದನ್ನೇ ಒಂದು ವರ್ಷ ಹಿಂದಕ್ಕೆ ಸರಿಸಿದೆ. ಮೊದಲನೆಯದು ಹೊಂದಿತು. ವಾರವೂ ಹೊಂದಿತು. ಎರಡನೆಯದು ಹೊಂದಿತು. ಸಂಜೆಯ ಹೊತ್ತಿಗೆ ಹತ್ತು ಹೊಂದಿದ್ದವು. ಅಲ್ಲದೆ ಪ್ರತಿಯೊಂದರಲ್ಲೂ ಸಂವತ್ಸರದ ಹೆಸರು ಆ ಹಿಂದಿನ ವರ್ಷದ್ದೇ ಆಗಿತ್ತು. ಕಲ್ಲು ತಾನೇ ಸಾಕ್ಷಿ ಹೇಳುತ್ತಿತ್ತು. ಹೆಸರಿನ ಕಲಂ ನನ್ನ ಪಟ್ಟಿಯಲ್ಲೇ ಇತ್ತು. "ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರತಾವ, ಅಂಕಿ ಹಿಡಕೊಂಡು ಲೆಕ್ಕ ಹಾಕು" ಎಂದು ಸರ್ ಹೇಳಿದ್ದರಿಂದ ನಾನದನ್ನು ನೋಡಿರಲಿಲ್ಲ.

ಮೂರು ಮಾತ್ರ ಏನು ಮಾಡಿದರೂ ಹೊಂದಲಿಲ್ಲ. ಅವುಗಳ ಎದುರಿಗೆ "ಗೊತ್ತಿಲ್ಲ" ಎಂದು ಬರೆದೆ.

ಮರುದಿನ ಗದಗಿಗೆ ಹೋಗಿ ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ನಾನು ಕಂಡದ್ದು ಯಾರಾದರೂ ಮೊದಲೇ ಕಂಡಿರಬಹುದಲ್ಲ ಎಂಬ ಸಂಶಯ. ಶಾಸನಗಳ ಕಾಲ ಲೆಕ್ಕ ಹಾಕುವ ಬಗ್ಗೆ ಒಂದು ಹಳೆಯ ದಪ್ಪ ಪುಸ್ತಕವಿತ್ತು, ರಟ್ಟು ಕಿತ್ತುಹೋಗಿತ್ತು. ಅದರಲ್ಲಿ ಗತವರ್ಷ, ವರ್ತಮಾನವರ್ಷ, ಅಂದರೆ ತುಂಬಿದ್ದು, ನಡೆಯುವುದು, ಎಂಬುದೇ ಒಂದು ಅಧ್ಯಾಯ. ನನ್ನ ಮುಖ ಸ್ವಲ್ಪ ಸಪ್ಪಗಾಯಿತು, ಮರುಕ್ಷಣ ಧೈರ್ಯವೂ ಬಂತು. ಹಾಳೆ ತಿರುವಿದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: "ಲಕ್ಷ್ಮೇಶ್ವರ, ಮುಂಡರಗಿ ಕಲ್ಲುಗಳಿಗೂ ಇದೇ. ಅಂಕಿ ನಡೆವ ವರ್ಷದ್ದು. ಸಂವತ್ಸರದ ಹೆಸರು ನಂಬು."

ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷ ನನ್ನ ವಹಿಯಲ್ಲಿ ತಿದ್ದಿದ ಅಕ್ಷರ. ಪೆನ್ಸಿಲ್ ಮಾಸಿ ಎಷ್ಟೋ ವರ್ಷವಾಗಿತ್ತು.

ಪುಸ್ತಕ ಮುಚ್ಚಿದೆ. ಮರೆತಿರಬಹುದು, ವಯಸ್ಸಾಗಿದೆ ಎಂದುಕೊಂಡೆ. ನಾನೇ ಹೇಳಿದರೆ ಅವರಿಗೂ ಸಂತೋಷವಾದೀತು ಎಂದುಕೊಂಡೆ. ಮನುಷ್ಯ ತಾನು ನಂಬಿದವರಿಗೋಸ್ಕರ ಎಷ್ಟು ನೆಪ ಹುಡುಕುತ್ತಾನೆ! ಬೆಟಗೇರಿಯ ಅವರ ಮನೆಗೆ ಹೋಗಿ ಹೊಸ ಪಟ್ಟಿ ಮುಂದಿಟ್ಟೆ. ಪೆನ್ಸಿಲ್ಲಿನ ಮಾತು ಎತ್ತಲಿಲ್ಲ.

ಸರ್ ಎರಡು ಸಲ ಓದಿದರು. "ಆದ್ರ ನೀಲಾ, ಆ ಗ್ರಹಣದ ಪಟ್ಟಿನ ಇವತ್ತಿನ ಆಕಾಶ ಹಿಡಕೊಂಡು ಮಾಡಿದ್ದು. ಭೂಮಿ ಒಲದಿದ್ರ ಆ ಪಟ್ಟಿನ ತಪ್ಪಲ್ಲೇನು?"

"ಹಂಗಿದ್ರ ಯಾವೂ ಹೊಂದಬಾರದಿತ್ರಿ ಸರ್. ಒಂದ ಊರಿನ ಕಲ್ಲು, ನಡಕ ಐದು ವರ್ಷ ಸೈತ ಇಲ್ಲ, ಒಂದು ಹೊಂದತೈತಿ, ಒಂದು ಹೊಂದೂದಿಲ್ಲ. ಭೂಮಿ ಒಂದು ಕಲ್ಲಿಗೆ ಒಲದು ಇನ್ನೊಂದಕ್ಕ ಹೆಂಗ ನಿಂತೀತ್ರಿ? ಹಳೇ ಗ್ರಹಣದ ದಾಖಲಿ ನೋಡಿ, ದಿನ ಒಂಚೂರು ಒಂಚೂರು ಉದ್ದ ಆಗಾಕತ್ತೈತಿ ಅಂತ ಗೊತ್ತಾಗೇತಿ ಖರೆ. ಅದು ನಿಧಾನಕ್ಕ, ಯಾರಿಗೂ ತಿಳೀಲಾರದಂಗ. ಧಕ್ಕಿ ಕೊಟ್ಟಂಗ ಅಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಕ್ಕರು. "ಶಾಬಾಸ್. ತಯಾರಾಗೀದಿ ನೀ. ವಹಿ ಇಟ್ಟು ಹೋಗು, ಮುಂದಿನ ವಾರ ನನ್ನ ಉಪನ್ಯಾಸ ಐತಿ, ಆ ಸಭಾದಾಗ ಇದನ್ನ ಹೇಳೂಣು. ಮನ್ಯಾವರನ್ನೂ ಕರಕೊಂಡು ಬಾ."

ನಾನು ಗಾಳಿಯಲ್ಲಿ ತೇಲುತ್ತ ಮನೆಗೆ ಬಂದೆ. ಅವ್ವ ಮದುವೆಗಳಿಗಷ್ಟೇ ಉಡುತ್ತಿದ್ದ ಸೀರೆ ತೆಗೆದಳು. ಕಾಕಾ ಹೊಸ ಟಾವೆಲ್ ಹೊದ್ದ. "ನಮ್ಮ ಹಳ್ಳದ ಸುದ್ದಿನೂ ತಗೀತಾರೇನು ನಿಮ್ಮ ಸರ್?" ಎಂದು ಬಸ್ಸಿನಲ್ಲಿ ಕೇಳಿದ. ಚೇಷ್ಟೆಗೆ ಕೇಳಿದನೋ ಆಸೆಯಿಂದಲೋ ತಿಳಿಯಲಿಲ್ಲ.

ಗದಗಿನ ಆ ಸಭಾಭವನ ತುಂಬಿತ್ತು. ವೇದಿಕೆಯ ಹಿಂದೆ ಬಣ್ಣದ ಬ್ಯಾನರ್: ಶಾಸನಗಳಲ್ಲಿ ಗ್ರಹಪ್ರಳಯ. ಇಬ್ಬರು ವಿಡಿಯೊ ಮಾಡುತ್ತಿದ್ದರು. ಅವ್ವ, ಕಾಕಾ ನನ್ನ ಎರಡೂ ಮಗ್ಗುಲಿಗೆ ಕೂತರು. ಸರ್ ಛಲೋ ಮಾತಾಡುತ್ತಿದ್ದರು. ಮಂದಿ ಉಸಿರು ಹಿಡಿದು ಕೇಳಿದರು. ಕೊನೆಗೆ ಪರದೆಯ ಮೇಲೆ ನನ್ನ ಪಟ್ಟಿ ಬಂತು. ನನ್ನ ಕೈಬರಹವೇ. ಆದರೆ ಹದಿಮೂರೇ ಸಾಲು. ಹೊಂದಿದವು ಒಂದೂ ಇಲ್ಲ. ಸಂವತ್ಸರದ ಹೆಸರಿನ ಕಲಂ ಇದ್ದ ಜಾಗದಲ್ಲಿ ಕಾಗದವನ್ನು ಕತ್ತರಿಸಿ ಕೂಡಿಸಿದ ಗೆರೆ ಕಾಣುತ್ತಿತ್ತು. "ಹದಿಮೂರು ಕಲ್ಲು, ಹದಿಮೂರು ಸಾಕ್ಷಿ" ಎಂದರು ಸರ್. ಚಪ್ಪಾಳೆ ಬಿತ್ತು. ಕಾಕಾನೂ ಚಪ್ಪಾಳೆ ತಟ್ಟಿದ, ನನ್ನ ಅಕ್ಷರ ಗುರುತು ಹಿಡಿದು.

ಆಗ ಮುಂದಿನ ಸಾಲಿನಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಎದ್ದರು. ನಿವೃತ್ತ ಗಣಿತದ ಅಕ್ಕೋರೆಂದು ಹೇಳಿಕೊಂಡರು. "ಎರಡನೇ ಸಾಲಿನ ಕಲ್ಲು ನಾನೂ ಓದೀನಿ ಸರ್. ಅದರಾಗ ಸಂವತ್ಸರದ ಹೆಸರು ಐತಿ. ಅದನ್ನ ಯಾಕ ಕೊಟ್ಟಿಲ್ಲ? ಅದನ್ನ ಹಿಡಿದ್ರ ವರ್ಷ ಒಂದು ಹಿಂದ ಹೋಗತೈತಿ, ಗ್ರಹಣ ಸಿಗತೈತಿ."

ಸಭೆ ಗುಸುಗುಸು ಅಂದಿತು. ಸರ್ ಒಂದು ಕ್ಷಣ ಪರದೆ ನೋಡಿದರು. ಆಮೇಲೆ ಮೈಕಿನಲ್ಲಿ ನಗುತ್ತ ಹೇಳಿದರು: "ಈ ಪಟ್ಟಿ ಮಾಡಿದಾಕಿ ನನ್ನ ವಿದ್ಯಾರ್ಥಿನಿ ನೀಲವ್ವ. ಇಲ್ಲೇ ಕುಂತಾಳ. ಹಳ್ಳಿ ಹುಡುಗಿ, ಮನ್ಯಾಗ ಮೊದಲ ಓದಿದಾಕಿ. ಒಂದು ಕಲಂ ಬಿಟ್ಟಿರಬಹುದು. ಹುಡುಗರ ಕೆಲಸ, ತಪ್ಪಾಗತಾವ. ದೊಡ್ಡ ಮಾತು ದೊಡ್ಡದ ಇರತೈತಿ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆ ಅಕ್ಕೋರು ಕೂಡ, ಪಾಪ ಎನ್ನುವ ಕಣ್ಣಿನಿಂದ.

ನಾನು ಏಳಬೇಕಿತ್ತು. "ಕಲಂ ನಾ ಬಿಟ್ಟಿಲ್ಲ" ಎನ್ನಬೇಕಿತ್ತು. ನಾನು ಯಾರೆಂದು ಅವರು ಹೇಳಿದ್ದರಲ್ಲಿ ಒಂದೂ ಸುಳ್ಳು ಪದವಿರಲಿಲ್ಲ ನೋಡಿ: ಹಳ್ಳಿ ಹುಡುಗಿ ಹೌದು, ಮೊದಲು ಓದಿದವಳು ಹೌದು. ಯಾವುದರ ಬಗ್ಗೆ ನನಗೆ ಹೆಮ್ಮೆಯಿತ್ತೋ ಅದನ್ನೇ ಎತ್ತಿ ನನ್ನ ಮುಖಕ್ಕೆ ಒರೆಸಿದರು. ನಾನು ಕೂತೇ ಇದ್ದೆ.

ಬಸ್ಸಿನಲ್ಲಿ ಕಾಕಾ ಹೊಸ ಟಾವೆಲ್ ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಅವ್ವ ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು. "ಮೈಕಿನಾಗ ನಿನ್ನ ಹೆಸರು ಹೇಳಿದ್ರಲ್ಲ, ಛಲೋ ಹೇಳಿದ್ರೇನು?"

"ಛಲೋ ಹೇಳಿದ್ರು ಬೇ" ಎಂದೆ.

ಸೋಮವಾರ ಅವರ ಕೋಣೆಗೆ ಹೋದೆ. ಕುಂಡ್ರು ಎಂದರು, ಕೂಡಲಿಲ್ಲ.

"ಗ್ರಂಥಾಲಯದ ದಪ್ಪ ಪುಸ್ತಕದಾಗ ಪೆನ್ಸಿಲ್ಲಿನ ಅಕ್ಷರ ನಿಮ್ಮವಲ್ರಿ ಸರ್?"

ಅವರು ಕಿಟಕಿಯ ಕಡೆ ತಿರುಗಿದರು. "ಮೂವತ್ತು ವರ್ಷ ನಾ ಖರೆ ಹೇಳಿದೆ ನೀಲಾ. ಎಂಟು ಮಂದಿ ಬರ್ತಿದ್ರು, ಅದರಾಗ ಇಬ್ರು ಚಾ ಕುಡಿಯಾಕ. ಕಲ್ಲು ಬರದಾವ ನಡಿಯೂ ವರ್ಷ ಹೇಳ್ಯಾನ ಅಂದ್ರ ಯಾರಿಗೆ ಬೇಕಾಗೇತಿ? ಗ್ರಹ ಬಂತು ಅಂದ್ರ ಹಾಲ್ ತುಂಬತೈತಿ. ಮಂದಿ ಬಂದ್ರ ಕಲ್ಲು ಉಳೀತಾವ. ನೀನ ನೋಡೀದಿ, ಅದರ ಮ್ಯಾಲ ಬಟ್ಟಿ ಒಗೀತಾರ."

"ಬಟ್ಟಿ ಒಗದಾಕಿ ಅಕ್ಷರ ತಗದಿಲ್ರಿ ಸರ್. ನೀವು ತಗದ್ರಿ. ಅದನ್ನ ನನ್ನ ಮ್ಯಾಲ ಹಾಕಿದ್ರಿ."

ಅವರ ಮುಖ ಕಪ್ಪಿಟ್ಟಿತು. ಪ್ರಬಂಧದ ಮೊದಲ ಹಾಳೆ ಮಾರ್ಗದರ್ಶಕರ ಪ್ರಮಾಣಪತ್ರ. ಅದಕ್ಕೆ ಅವರ ಸಹಿ ಬೀಳದಿದ್ದರೆ ಪ್ರಬಂಧವೇ ಇಲ್ಲ. ನಾನು ಬರೆದು ತಂದಿದ್ದ ನಾಲ್ಕನೆಯ ಅಧ್ಯಾಯವನ್ನು, ಅಂದರೆ ತುಂಬಿದ ವರ್ಷ, ನಡೆವ ವರ್ಷದ ಅಧ್ಯಾಯವನ್ನು, ಎರಡು ಬೆರಳಿನಿಂದ ಎತ್ತಿ ಬದಿಗಿಟ್ಟರು. "ಇದನ್ನ ತಗಿ. ಈಗಿಂದೀಗ ಸಹಿ ಹಾಕ್ತೀನಿ. ಪ್ರಥಮ ದರ್ಜೆ ಬರತೈತಿ."

ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಜಗಳ ಬೇಡವಾದವರು. "ಮಾರ್ಗದರ್ಶಕರನ್ನ ಬದಲಾಯಿಸಬೇಕಂದ್ರ ಒಂದು ವರ್ಷ ಹೋಗತೈತವಾ. ಒಂದು ಅಧ್ಯಾಯ ತಗದ್ರ ನಿನಗ ಏನ ಹೋಗತೈತಿ ವಿಚಾರ ಮಾಡು."

ಎರಡು ದಿನ ವಿಚಾರ ಮಾಡಿದೆ. ಹಾಗೆಂದು ಹೇಳುವುದೇ ಪ್ರಾಮಾಣಿಕ. ನಾನು ಒಂದೇ ಏಟಿಗೆ ಗಟ್ಟಿಯಾಗಿ ನಿಂತವಳಲ್ಲ. ಆ ಅಧ್ಯಾಯ ತೆಗೆದರೆ ಉಳಿಯುವುದು ಹದಿಮೂರು ಹೊಂದದ ಕಲ್ಲು. ಅದರ ಮೇಲೆ ನನ್ನ ಹೆಸರು, ಕಲಂ ಬಿಟ್ಟವಳ ಹೆಸರು, ಕಾಯಂ ಆಗುತ್ತದೆ. ತೆಗೆಯದಿದ್ದರೆ ಒಂದು ವರ್ಷ ಹೋಗುತ್ತದೆ. ನಮ್ಮಂಥ ಮನೆಯಲ್ಲಿ ಹೆಣ್ಣುಮಗಳ ಒಂದು ವರ್ಷ ಅಂದರೆ ಏನೆಂದು ಮುಖ್ಯಸ್ಥರಿಗೆ ಗೊತ್ತಿರಲಿಲ್ಲ. ಆಗಲೇ ಎರಡು ಕಡೆಯಿಂದ ಹೆಣ್ಣು ಕೇಳಿ ಬಂದಿದ್ದರು.

ಮೂರನೆಯ ದಿನ ಕಾಕಾನಿಗೆ ಹೇಳಿದೆ. ಎಲ್ಲ ಅಲ್ಲ. "ಇನ್ನೊಂದು ವರ್ಷ ಬೇಕು ಕಾಕಾ" ಎಂದಷ್ಟೇ. ಅವನು ಬಯ್ಯುತ್ತಾನೆ ಎಂದು ತಯಾರಾಗಿ ನಿಂತಿದ್ದೆ. ಅವನು ತಲೆ ಕೆರೆದುಕೊಂಡು, "ನೀ ಹೇಳಿದ್ದೆಲ್ಲ, ಪಟ್ಟಿಯಾಗ ಗೊತ್ತಿಲ್ಲ ಅಂತ ಮೂರು ಉಳಿದಾವ ಅಂತ, ಅವನ್ನ ಮತ್ತ ನೋಡಾಕ ಹೋಗಬೇಕೇನು?" ಎಂದ.

ಅಧ್ಯಾಯ ಉಳಿಸಿಕೊಂಡು ಮಾರ್ಗದರ್ಶಕರನ್ನು ಬದಲಾಯಿಸಿದೆ. ಆ ಮುಂದಿನ ವರ್ಷ ನನ್ನ ಕಾಗದದ ಇನ್ನೊಂದು ತುದಿ ಹಿಡಿದವನು ಕಾಕಾ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಮುಗಿದ ಮೇಲೆ ಮುಂಡರಗಿ, ಸಿಂಗಟಾಲೂರು ಎಂದು ನನ್ನ ಹಿಂದೆ ಬಂದ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರದ ಕಂಬಗಳನ್ನು ನೋಡಿ, "ಇಷ್ಟು ಗಾಳಿ ಇರೂ ಊರಾಗ ಕಾಗದದ ಕೆಲಸ ಯಾರ ಕಲಿಸಿದ್ರಲೇ ನಿನಗ!" ಎಂದು ಬೈಯುತ್ತ ಕಲ್ಲಿಗೆ ನೀರು ಎರೆದ. ಮೂರರಲ್ಲಿ ಒಂದು ಕಲ್ಲನ್ನು ನಾನೇ ತಪ್ಪು ಓದಿದ್ದೆ; ಚಂದ್ರಗ್ರಹಣವನ್ನು ಸೂರ್ಯಗ್ರಹಣ ಎಂದು ಬರೆದುಕೊಂಡಿದ್ದೆ. ಅದನ್ನೂ ಪ್ರಬಂಧದಲ್ಲಿ ಬರೆದೆ: ಇದು ನನ್ನ ತಪ್ಪು. ನಾನು ಮಾಡಿದ್ದಕ್ಕೆ ನಾನೇ ಬರೆದುಕೊಳ್ಳುವುದು ಎಷ್ಟು ಹಗುರ ಅನ್ನಿಸಿತು. ಉಳಿದೆರಡು ಇವತ್ತಿಗೂ ನನಗೆ ಗೊತ್ತಿಲ್ಲ.

ಹೊಂಬಳ ಸರ್ ಆ ವರ್ಷ ನಿವೃತ್ತರಾದರು. ಅವರ ಆ ಸಭೆಯ ವಿಡಿಯೊ ಈಗಲೂ ಒಬ್ಬರಿಂದೊಬ್ಬರಿಗೆ ಬರುತ್ತಿರುತ್ತದೆ. ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ನನಗೇ ಕಳಿಸಿದ್ದರು. ಅದರಲ್ಲಿ ಅಕ್ಕೋರ ಪ್ರಶ್ನೆಯನ್ನು ಕತ್ತರಿಸಿದ್ದಾರೆ. ನನ್ನ ಹೆಸರು ಉಳಿದಿದೆ. ಒಮ್ಮೆ ಗದಗ ಬಸ್ ನಿಲ್ದಾಣದಲ್ಲಿ ಅವರು ಎದುರಾದಾಗ ನನ್ನ ಕೈ ತಾನೇ ನಮಸ್ಕಾರಕ್ಕೆ ಎದ್ದಿತು. ಅವರು ನೋಡಿದರೋ ಇಲ್ಲವೋ, ಹಾದುಹೋದರು. ಸಿಟ್ಟು ಬಂದರೆ ಬರಲಿ ಎಂದು ಕಾಯ್ದೆ. ಸಿಟ್ಟು ಬರಲಿಲ್ಲ, ಆ ಎಮ್ಮೆಯ ಮಾತು ಹೇಳಿದ ದಿನ ಅವರು ಖರೆಯೇ ಹೇಳಿದರೋ ಇಲ್ಲವೋ ಎಂದು ಇನ್ನು ಮೇಲೆ ಯಾರನ್ನೂ ಕೇಳಲಾಗುವುದಿಲ್ಲವಲ್ಲ ಎಂಬುದೊಂದೇ ಒಳಗೆ ಕೊರೆಯಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನನ್ನು ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ: ಈ ಎರಡು ಕಲ್ಲು ಯಾಕೆ ಹೊಂದಲಿಲ್ಲ? "ಗೊತ್ತಿಲ್ರಿ" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಪ್ರಥಮ ದರ್ಜೆಗೆ ನಾಲ್ಕು ಅಂಕ ಕಡಿಮೆ ಬಂತು.

ಪದವಿ ಪತ್ರವನ್ನು ಸಮಾರಂಭದಲ್ಲಿ ಯಾರೂ ಕೊಡಲಿಲ್ಲ. ಕಚೇರಿಯ ಕಿಂಡಿಯಲ್ಲಿ ಗುಮಾಸ್ತರು, "ಸಹಿ ಮಾಡವಾ, ಹೆಸರು ಸರಿ ಐತೇನು ನೋಡ್ಕೋ" ಎಂದು ದಾಟಿಸಿದರು. ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಕಾಕಾ ಹೊಲದಿಂದ ಬಂದಿರಲಿಲ್ಲ. ನಾನು ಪತ್ರವನ್ನು ಅವಳ ಮುಂದೆ ಹಿಡಿದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಎರಡೂ ಕೈಯಿಂದ ತೆಗೆದುಕೊಂಡಳು. ಓದಲು ಬಾರದವಳು ಮೇಲಿನಿಂದ ಕೆಳಗೆ ಒಂದೊಂದು ಸಾಲಿನ ಮೇಲೂ ಕಣ್ಣು ನಿಲ್ಲಿಸಿ ನೋಡಿದಳು.

"ಆ ಮಾಸ್ತರನ ಹೆಸರು ಐತೇನು ಇದರಾಗ?"

ನಾನು ಬೆಚ್ಚಿ ಅವಳ ಮುಖ ನೋಡಿದೆ. "ಇಲ್ಲ ಬೇ. ನಂದಷ್ಟ ಐತಿ."

"ಹಂಗಾರ ಛಲೋ ಆತು" ಎಂದಳು ಅವ್ವ. "ಕೈಕಾಲ ತೊಳಕೊಂಡು ಬಾ, ಊಟಕ್ಕ ಕುಂಡ್ರು."